ಪದ ನಮ್ದು, ಧಾಟಿ ಬ್ಯಾರೆ

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ವಿಜಯಪುರ, ಸೊಲ್ಲಾಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ಬಾದಾಮಿಗೆ ಹೋಗುವವರು ಹೊರಳುವ ಜಾಗ ಕುಳಗೇರಿ ಕ್ರಾಸ್. ಬಸ್ಸಿಗೆ ಕಾಯದೆ ಇಲ್ಲಿಂದ ಪಾರಾದವರು ಕಡಿಮೆ. ಕಾಯುವವರಿಗೆ ಚಹಾ ಇದೆ, ಮಿರ್ಚಿ ಇದೆ, ಊರೂರ ಸುದ್ದಿ ಇದೆ. ಗುಹಾಲಯ ನೋಡಲು ಹೊರಟ ವಿದೇಶಿಯರ ಕಾರೂ ಒಮ್ಮೊಮ್ಮೆ ಇಲ್ಲಿ ನಿಲ್ಲುತ್ತದೆ.

ಕೆಲವು ತಿಂಗಳ ಹಿಂದೆ ಅಲ್ಲಿಯ ಒಂದು ಚಹಾದಂಗಡಿಯಲ್ಲಿ ನಾವು ಕೂತಿದ್ದಾಗ ಪಕ್ಕದ ಬೆಂಚಿನ ಹುಡುಗನೊಬ್ಬನ ಮೊಬೈಲಿನಲ್ಲಿ ಶಿಶುನಾಳ ಶರೀಫರ ಗುಡುಗುಡಿ ಪದ ಹಾಡುತ್ತಿತ್ತು. ಗಿಟಾರು, ಪಿಟೀಲು, ಡ್ರಮ್ಮು. ಹಾಡುತ್ತಿದ್ದವರು ರಘು ದೀಕ್ಷಿತ್. ಎದುರಿಗೆ ಒಬ್ಬ ಹಿರಿಯರು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದರು. ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವವರೆಂದು ಆಮೇಲೆ ಗೊತ್ತಾಯಿತು. ಹಾಡು ಮುಗಿಯುವ ತನಕ ಸುಮ್ಮನಿದ್ದು ಅವರು ಹೇಳಿದರು: “ಪದ ನಮ್ದ ಐತಿ. ಧಾಟಿ ಬ್ಯಾರೆ.”

ಹುಡುಗ ಬಿಡಲಿಲ್ಲ. “ಧಾಟಿ ಬ್ಯಾರೆ ಆಗದಿದ್ರ ಇದು ಲಂಡನ್ ತನಕ ಹೊಕ್ಕಿತ್ತೇನ್ರಿ ಕಾಕಾ?”

ಇಬ್ಬರ ಮಾತಿನಲ್ಲಿ ಯಾವುದನ್ನೂ ತಳ್ಳಿಹಾಕಲು ನಮಗೆ ಆಗಲಿಲ್ಲ. ಶರೀಫರ ಹಾಡು ಹೊರದೇಶಕ್ಕೆ ಹೋದದ್ದರ ಬಗ್ಗೆ ಪತ್ರಿಕೆಗಳಲ್ಲಿ ಹೆಮ್ಮೆಯ ಬರಹಗಳು ಬಂದಿವೆ, ಹಳೆಯ ಧಾಟಿ ಕೆಟ್ಟಿತೆಂದು ಗೊಣಗಿದವರೂ ಇದ್ದಾರೆ. ಹೋದದ್ದು ಏನು, ಇಲ್ಲೇ ಉಳಿದದ್ದು ಏನು ಎಂದು ಲೆಕ್ಕ ಹಾಕಿ ನೋಡಿದವರು ಕಡಿಮೆ.

ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ನಾಟ್ಯ ಕಲಿಯುವುದನ್ನು ಗೆಳೆಯನೊಬ್ಬ ಮೂದಲಿಸಿದಾಗ ಪಂಥ ಕಟ್ಟಿ ಗಿಟಾರ್ ಕಲಿತದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಬೆಲ್ಜಿಯಂನಲ್ಲಿ ನೌಕರಿ ಮಾಡಿ, ಅದನ್ನು ಬಿಟ್ಟು ಬಂದು ಸಂಗೀತಕ್ಕೆ ನಿಂತರು. ಕನ್ನಡ ನಾಡಿನ ಹೆಚ್ಚಿನವರಿಗೆ ಅವರ ದನಿ ತಲುಪಿದ್ದು 2008ರ ‘ಸೈಕೋ’ ಸಿನಿಮಾದ ಮಾದೇಶ್ವರನ ಹಾಡಿನಿಂದ. ಅದೇ ವರ್ಷ ಅವರ ಮೊದಲ ಆಲ್ಬಂ ಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳಿದ್ದವು: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಸೇರಿತು. 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ ಅವರಿಗೆ ಬಂತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಬಣ್ಣದ ಲುಂಗಿ ಸುತ್ತಿ, ಕಾಲಿಗೆ ಗೆಜ್ಜೆ ಕಟ್ಟಿ ಅವರು ವೇದಿಕೆ ಹತ್ತುತ್ತಾರೆ. ನಮ್ಮ ಓಣಿಯ ಗಂಡಸರು ಮನೆಯಲ್ಲಿ ಲುಂಗಿ ಉಟ್ಟು, ಬಸ್‌ಸ್ಟ್ಯಾಂಡಿಗೆ ಹೊರಟಾಗ ಪ್ಯಾಂಟು ಹಾಕಿಕೊಳ್ಳುತ್ತಾರೆ. ಈ ಮನುಷ್ಯ ಅದೇ ಲುಂಗಿಯಲ್ಲಿ ಸಾವಿರಾರು ಬಿಳಿಯರ ಎದುರು ನಿಂತ. ಇರಲಿ.

ಕನ್ನಡದ ಹಾಡುಗಾರರು ಹೊರದೇಶಕ್ಕೆ ಹೋಗುವುದು ಹೊಸದಲ್ಲ. ಕನ್ನಡ ಸಂಘಗಳು ಕರೆಸುತ್ತವೆ, ಮೊದಲ ಸಾಲಿಗೇ ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಅಲ್ಲಿ ಹಾಡುಗಾರನ ಕೆಲಸದಲ್ಲಿ ಅರ್ಧವನ್ನು ಊರಿನ ನೆನಪೇ ಮಾಡಿಬಿಡುತ್ತದೆ. ನಾಲ್ಕು ಪದ ಕನ್ನಡವೂ ಬಾರದವರ ಎದುರು, ಅವರು ಟಿಕೆಟ್ ಕೊಂಡು ಬಂದಿರುವಾಗ ಹಾಡುವುದು ಬೇರೆ. ಇಂಗ್ಲೆಂಡಿನಲ್ಲಿ 1950ರ ದಶಕದಿಂದ ‘ಫೋಕ್ ಕ್ಲಬ್’ ಎಂಬ ರೂಢಿಯಿದೆ. ಎಷ್ಟೋ ಕಡೆ ಅದೊಂದು ಪಬ್ಬಿನ ಮಹಡಿ ಮೇಲಿನ ಕೋಣೆ. ಮೊದಲು ಊರಿನವರೇ ಒಬ್ಬೊಬ್ಬರಾಗಿ ಒಂದೊಂದು ಹಾಡು ಹೇಳುತ್ತಾರೆ, ಆಮೇಲೆ ಪರ ಊರಿನ ಅತಿಥಿ. ಒಬ್ಬ ಮನುಷ್ಯ, ಒಂದು ಗಿಟಾರು, ಹಾಡು ಅವನೇ ಬರೆದದ್ದು. ಹಾಡಿನ ಹಿಂದಿನ ಕಥೆಯನ್ನೂ ಅವನೇ ಹೇಳಬೇಕು, ಕೊನೆಗೆ ಬಾಗಿಲ ಬಳಿ ನಿಂತು ತನ್ನ ತಟ್ಟೆಗಳನ್ನು ತಾನೇ ಮಾರಬೇಕು. ಹೆಂಡದಂಗಡಿಯ ಮೇಲೆ ಹಾಡೇ ಎಂದು ನಮ್ಮ ಓದುಗರು ಹುಬ್ಬೇರಿಸಬಾರದು. ಉರ್ದು ಗಜಲ್ ಮೈಖಾನೆಯ ಹೊಸ್ತಿಲು ಬಿಟ್ಟು ಎದ್ದದ್ದೇ ಅಪರೂಪ.

ಒಬ್ಬಂಟಿ ಹಾಡುಗಾರನಿಗೆ ಇರುವುದು ಒಂದೇ ವಿಮಾನದ ಟಿಕೆಟ್, ಒಂದೇ ಹಾಸಿಗೆಯ ಖರ್ಚು. ತಂಡ ಕಟ್ಟಿಕೊಂಡು ಹೊರಟವನಿಗೆ ದೊಡ್ಡ ವೇದಿಕೆ ಬೇಕೇಬೇಕು, ದೊಡ್ಡ ವೇದಿಕೆಗೆ ಕುಣಿಸುವ ಹಾಡು ಬೇಕು. ರಘು ತಂಡದೊಂದಿಗೆ ಹೋದವರು. ಆದರೂ ಹಾಡಿನ ಮೊದಲು ನಿಂತು ಅದರ ಅರ್ಥವನ್ನು ಕೇಳುವವರ ಭಾಷೆಯಲ್ಲಿ ಹೇಳುವುದು, ಪಲ್ಲವಿಯನ್ನು ಕಲಿಸಿ ಅವರಿಂದಲೇ ಹಾಡಿಸುವುದು, ಇವೆಲ್ಲ ಆ ಸಣ್ಣ ಕೋಣೆಯ ಗುಣಗಳು. ನಮ್ಮ ಭಜನೆಯ ಗುಣಗಳೂ ಇವೇ. ಭಜನೆಯಲ್ಲಿ ಒಬ್ಬ ಸಾಲು ಎತ್ತುತ್ತಾನೆ, ಉಳಿದವರು ಹಿಡಿಯುತ್ತಾರೆ. ನಡುವೆ ತಾಳ ನಿಲ್ಲಿಸಿ ಹಿರಿಯನೊಬ್ಬ ಒಳ ಅರ್ಥ ಬಿಡಿಸುತ್ತಾನೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಪೀಳಿಗೆ ಶರೀಫರನ್ನು ಕೇಳಿದ್ದು ಸಿ. ಅಶ್ವತ್ಥ್ ಅವರ ಕೊರಳಿನಲ್ಲಿ. ಕ್ಯಾಸೆಟ್ಟುಗಳು ಬಂದವು, 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಶ್ರೀಧರ್ ಶರೀಫರಾದರು, ಗಿರೀಶ್ ಕಾರ್ನಾಡರು ಗುರು ಗೋವಿಂದಭಟ್ಟರಾದರು. ಧಾರವಾಡ ಸೀಮೆಯ ಭಜನೆಯ ಪದಗಳು ಇಡೀ ಕರ್ನಾಟಕದ ಪದಗಳಾದವು. ಅಶ್ವತ್ಥರ ಋಣ ತೀರಿಸುವಂಥದ್ದಲ್ಲ. ಆದರೆ ಆ ದನಿ ನಾಟಕದ ರಂಗದಿಂದ ಬರುವ ದನಿ. ಅದು ಗುಡುಗುತ್ತದೆ, ನಾವು ತಲೆ ಬಾಗಿಸಿ ಕೇಳುತ್ತೇವೆ. ಜೊತೆಗೆ ದನಿಗೂಡಿಸುವ ಧೈರ್ಯ ಬರುವುದಿಲ್ಲ. ರಘು ಅವರ ದನಿ ಪಕ್ಕದಲ್ಲಿ ಕೂತವನ ದನಿ. ಮಾಳಿಗೆ ಸೋರುವ ಪದವನ್ನು ಅವರಿಂದ ಕೇಳುವಾಗ ನಿಜಕ್ಕೂ ಒಂದು ಮನೆ ಸೋರುತ್ತಿದೆ ಅನ್ನಿಸುತ್ತದೆ, ಅಧ್ಯಾತ್ಮ ಆಮೇಲೆ ಬರುತ್ತದೆ. ಶರೀಫರೂ ಅದೇ ಕ್ರಮದಲ್ಲಿ ಕಟ್ಟಿದ್ದು. ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲದಲ್ಲಿ ಪಾತ್ರೆ ಇಟ್ಟು ಕೂತವರಿಗೆ ಮೊದಲು ಮನೆ ಕಾಣಬೇಕು, ಆಮೇಲೆ ಮನಸ್ಸು. ಈ ಒಂದು ಕಾರಣಕ್ಕೆ ಚಹಾದಂಗಡಿಯ ಹುಡುಗನ ಪಕ್ಷದಲ್ಲಿ ನಾವೂ ಇದ್ದೇವೆ.

ಗುಡುಗುಡಿ ಪದದ ವಿಷಯ ಅಷ್ಟು ಸುಲಭವಲ್ಲ. ಹುಕ್ಕಾವನ್ನು ದೇಹಕ್ಕೂ ಸೇದುವುದನ್ನು ಸಾಧನೆಗೂ ಹೊಂದಿಸಿ ಕಟ್ಟಿದ ಪದ ಅದು. ವಾದ್ಯಗಳ ರಭಸ ಜಾಸ್ತಿಯಾದಷ್ಟೂ ಕೇಳುವವನು ಹುಕ್ಕಾದ ಹತ್ತಿರವೇ ಉಳಿಯುತ್ತಾನೆ, ಹೊಗೆ ಮಾತ್ರ ಸಿಗುತ್ತದೆ. ಇಂಗ್ಲಿಷಿನಲ್ಲಿ ಎಷ್ಟು ವಿವರಿಸಿದರೂ ಬೆಡಗು ಬಿಚ್ಚಿಕೊಳ್ಳುವುದು ಒಂದೇ ಸಾಲನ್ನು ಹತ್ತು ಸಲ ನಿಧಾನಕ್ಕೆ ಹಾಡಿದಾಗ. ಕುಣಿಯುವ ಜನಕ್ಕೆ ಆ ಪುರಸೊತ್ತು ಇಲ್ಲ. ಕೋಡಗವನ್ನು ಕೋಳಿ ನುಂಗುವ ಪದ ಇದನ್ನು ತಡೆದುಕೊಳ್ಳುತ್ತದೆ. ಅದರ ತಲೆಕೆಳಗಾದ ಲೋಕ ಮಕ್ಕಳಿಗೂ ನಗು ತರಿಸುತ್ತದೆ, ಕಬೀರರ ಉಲಟ್‌ಬಾಂಸಿಯಂತೆ. ಗುಡುಗುಡಿ ತಡೆಯುವುದಿಲ್ಲ. ಇಲ್ಲಿ ಹಿರಿಯರ ಮಾತು ನಿಜ.

ಇನ್ನೊಂದು ವಿಷಯ ಹೊರದೇಶದ ಕೇಳುಗನಿಗೆ ಹೇಗೂ ತಲುಪಲಾರದು, ಇಲ್ಲಿಯವರಿಗೂ ತಲುಪುತ್ತಿಲ್ಲ. ತಾನೇ ಬರೆದು ತಾನೇ ಹಾಡುವವನು ತನ್ನ ಹೆಸರನ್ನು ಎಲ್ಲಿಡುತ್ತಾನೆ? ರಘು ಅವರ ತಂಡದ ಹೆಸರೇ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಇದರಲ್ಲಿ ತಪ್ಪೇನಿಲ್ಲ, ಈ ಕಾಲದ ರೂಢಿ. ಉರ್ದು ಶಾಲೆಯಲ್ಲಿ ಗಜಲ್ ಓದಿದ ನಮಗೆ ಗೊತ್ತಿರುವಂತೆ ಕೊನೆಯ ಶೇರ್, ಅಂದರೆ ಮಖ್ತಾದಲ್ಲಿ ಶಾಯರ್ ತನ್ನ ತಖಲ್ಲುಸ್ ಇಡುತ್ತಾನೆ. ಗಾಲಿಬ್ ಅಲ್ಲಿ ತನ್ನನ್ನೇ ಹೆಸರಿಟ್ಟು ಕರೆಯುತ್ತಾನೆ, ಗೇಲಿ ಮಾಡಿಕೊಳ್ಳುತ್ತಾನೆ, ಮರುಗುತ್ತಾನೆ. ಶರೀಫರಿಗೂ ಉರ್ದು ಗೊತ್ತಿತ್ತು, ಉರ್ದುವಿನಲ್ಲೂ ಪದ ಕಟ್ಟಿದ್ದಾರೆ. ಆದರೆ ಕನ್ನಡ ಪದಗಳ ಕೊನೆಗೆ ಅವರು ಇಟ್ಟದ್ದು ಅಂಕಿತ: ಶಿಶುನಾಳಧೀಶ. ಹುಟ್ಟಿದ ಊರು, ಆ ಊರಿನ ಒಡೆಯ. ವಚನಕಾರರ ದಾರಿ ಅದು. ಹುಲಗೂರಿನ ಖಾದರಿ ಗುರುವಿಗೆ ನಡೆದುಕೊಂಡ ಇಮಾಮಸಾಹೇಬರ ಮಗ ತನ್ನ ಹೆಸರನ್ನು ಪಕ್ಕಕ್ಕಿಟ್ಟು ಊರಿನ ಹೆಸರನ್ನು ಮುಂದೆ ತಂದ. ಅಂಕಿತ ಬಂದ ಕೂಡಲೆ ಭಜನೆಯವರ ದನಿ ಇಳಿಯುತ್ತದೆ, ಕೆಲವರ ಕೈ ಹಣೆಗೆ ಹೋಗುತ್ತದೆ. ಗಿಟಾರಿನ ಹಾಡಿನಲ್ಲಿ ಅಂಕಿತ ಬಂದು ಹೋದದ್ದೇ ಗೊತ್ತಾಗುವುದಿಲ್ಲ, ಅದು ಇನ್ನೊಂದು ಸಾಲು ಅಷ್ಟೆ. ಮುಂದಿನ ಸಲ ಹಾಡುವವರು ಅಲ್ಲೊಂದು ಕ್ಷಣ ನಿಲ್ಲಬೇಕು ಎಂಬುದು ನಮ್ಮ ಕೋರಿಕೆ.

ಇದಕ್ಕಿಂತ ದೊಡ್ಡ ತಕರಾರು ಆಯ್ಕೆಯದು. ಎಲ್ಲರೂ ಹಾಡುವುದು ಅವೇ ಐದಾರು ಪದ: ಮಾಳಿಗೆ, ಗುಡುಗುಡಿ, ಕೋಡಗ, ಲೋಕದ ಕಾಳಜಿ. ಇದನ್ನು ರಘು ಅವರ ತಲೆಗೆ ಕಟ್ಟಲಾಗದು. ಕ್ಯಾಸೆಟ್ ಮತ್ತು ಸಿನಿಮಾ ಮಾಡಿಟ್ಟ ಆಯ್ಕೆ ಅವರಿಗೆ ಬಳುವಳಿಯಾಗಿ ಬಂತು. ಆ ಬಳುವಳಿಯಲ್ಲಿ ಶರೀಫರ ಮೊಹರಂ ಪದಗಳು ಇಲ್ಲ. ಅಲಾವಿ ಸುತ್ತ ಹೆಜ್ಜೆ ಹಾಕುತ್ತ ಹೇಳುವ, ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹೇಳುವ ಪದಗಳನ್ನೂ ಶರೀಫರು ಕಟ್ಟಿದ್ದಾರೆ. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಪಂಜಾ ಕೂರಿಸುವ ಈ ಸೀಮೆಯಲ್ಲಿ ಹಸನ್ ಹುಸೇನರಿಗಾಗಿ ಕನ್ನಡದಲ್ಲಿ ಅತ್ತವರು ಎಲ್ಲ ಜಾತಿಯವರು. ಮುದಗಲ್ಲಿನ ಮೊಹರಂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಹಮತ್ ತರೀಕೆರೆಯವರು ಸೂಫಿಗಳ ಬಗ್ಗೆ, ಮೊಹರಂ ಬಗ್ಗೆ ಊರೂರು ತಿರುಗಿ ಬರೆದ ಪುಸ್ತಕಗಳಿವೆ. ಆದರೂ ವೇದಿಕೆಗೆ ಬರುವ ಶರೀಫರು ಯಾವಾಗಲೂ ಗೋವಿಂದಭಟ್ಟರ ಶಿಷ್ಯ. ಅದು ನಿಜವೇ, ಸುಂದರವಾದ ನಿಜ. ಆದರೆ ಅರ್ಧ. ಭಾವೈಕ್ಯದ ಸಭೆಗಳಲ್ಲಿ ಶರೀಫರ ಹೆಸರು ಎತ್ತುವವರು ಮುಸಲ್ಮಾನನೊಬ್ಬ ಗುಡಿಯ ಮೆಟ್ಟಿಲೇರಿದ್ದನ್ನು ಹೇಳಿ ಚಪ್ಪಾಳೆ ತೆಗೆದುಕೊಳ್ಳುತ್ತಾರೆ. ಅವನು ಅಲಾವಿಯ ಮುಂದೆ ನಿಂತು ಹಾಡಿದ್ದನ್ನು ಯಾರೂ ಹೇಳುವುದಿಲ್ಲ.

ಬೇರೆಯವರನ್ನು ಕೇಳುವ ಮೊದಲು ನಾವೇ ಉತ್ತರಿಸಬೇಕಾದದ್ದಿದೆ. ಆ ಪದಗಳನ್ನು ಕಾಪಾಡಬೇಕಾದವರು ಯಾರು? ಅಲಾವಿ ಕುಣಿತ ಬಿದ್‌ಅತ್ ಎಂದು ಹುಡುಗರನ್ನು ಹಿಂದಕ್ಕೆ ಕರೆದವರು ನಮ್ಮವರೇ. ಅವರನ್ನಷ್ಟೇ ದೂರಿ ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಉರ್ದು ಕಲಿತ ನಮ್ಮಂಥವರಿಗೆ ಇಕ್ಬಾಲ್ ಬಾಯಿಪಾಠವಾಗಿತ್ತು, ಓಣಿಯ ರಿವಾಯತ್ ಪದ ಬರುತ್ತಿರಲಿಲ್ಲ. ಬಂದರೂ ಹೇಳಲು ನಾಚಿಕೆ, ಅದು ಕೂಲಿಯವರ ಹಾಡು ಎಂದು. ಕತೆ ಬರೆಯಲು ಕೂತಾಗ ಅದೇ ಹಾಡುಗಾರರನ್ನು ಪಾತ್ರ ಮಾಡಿ ಹೆಸರು ತೆಗೆದುಕೊಂಡೆವು.

ನಮ್ಮದೇ ಜಿಲ್ಲೆಯ ಮಹಾಲಿಂಗಪುರದ ಇಬ್ರಾಹಿಂ ಸುತಾರರನ್ನು ಇಲ್ಲಿ ನೆನೆಯಲೇಬೇಕು. ಶಾಲೆ ಮೂರನೇ ತರಗತಿಗೆ ನಿಂತುಹೋಗಿ ಮಗ್ಗಕ್ಕೆ ಕೂತವರು. 1970ರಲ್ಲಿ ಭಾವೈಕ್ಯ ಜಾನಪದ ಸಂಗೀತ ಮೇಳ ಕಟ್ಟಿದರು, ತಾವೇ ಪದ ಬರೆದರು, ತಾವೇ ಹಾಡಿದರು. ಅವರದೊಂದು ವಿಶೇಷ ಕ್ರಮವಿತ್ತು. ಮೇಳದ ಒಬ್ಬರು ಪ್ರಶ್ನೆ ಕೇಳುವರು, ಸುತಾರರು ಮಾತಿನಲ್ಲಿ ಶುರು ಮಾಡಿ ಪದದಲ್ಲಿ ಮುಗಿಸುವರು. ‘ಗೀತ ಸಂವಾದ’ ಎಂದು ಅದನ್ನು ಕರೆದರು. ಕುರ್‌ಆನ್, ವಚನ, ಉಪನಿಷತ್ತು ಎಲ್ಲವೂ ಬರುತ್ತಿದ್ದವು. ಜಾತ್ರೆ, ಉರುಸು, ಮಠದ ಅಂಗಳ, ಎಲ್ಲಿ ಕರೆದರೆ ಅಲ್ಲಿಗೆ ಹೋದರು. 2018ರಲ್ಲಿ ಪದ್ಮಶ್ರೀ ಬಂತು. 2022ರ ಫೆಬ್ರವರಿ 5ರಂದು ತೀರಿಕೊಂಡರು. ಪ್ರಶ್ನೆ ಕೇಳಿದವನಿಗೆ ಉತ್ತರ ಸಿಗುವ ತನಕ ಮುಂದಿನ ಪದ ಎತ್ತದ ಆ ಸಾವಧಾನ ಅವರ ದೊಡ್ಡತನ. ಕೆಲವೊಮ್ಮೆ ಉಪದೇಶ ಜಾಸ್ತಿಯಾಗಿ ಹಾಡು ಸೊರಗಿದ್ದೂ ಉಂಟು, ಅದನ್ನು ಮುಚ್ಚಿಡಬೇಕಿಲ್ಲ. ಅವರಿಗೆ ರಘು ಅವರ ರಾಗದ ಚುರುಕು ಇದ್ದಿದ್ದರೆ, ಇವರಿಗೆ ಅವರ ತಾಳ್ಮೆ ಇದ್ದಿದ್ದರೆ ಎಂದು ಆಸೆಪಡುವುದು ವಿಮರ್ಶೆಯಾಗದು, ಆದರೂ ಆಸೆಯಾಗುತ್ತದೆ.

ಇವತ್ತು ಗಿಟಾರ್ ಹಿಡಿದು ಒಬ್ಬನೇ ಹೊರಡುವ ಕನ್ನಡದ ಹುಡುಗನಿಗೋ ಹುಡುಗಿಗೋ ದೊಡ್ಡ ವೇದಿಕೆಯ ಒತ್ತಡವಿಲ್ಲ. ಐವತ್ತು ಜನರ ಕೋಣೆಯಲ್ಲಿ ಹತ್ತು ಸಲ ಒಂದೇ ಸಾಲು ಹಾಡಬಹುದು. ಅಂಥವರೊಬ್ಬರು ಹೊರಡುವ ಮೊದಲು ಒಂದು ಮೊಹರಮ್ಮಿನ ರಾತ್ರಿ ಈ ಸೀಮೆಯ ಯಾವುದಾದರೂ ಹಳ್ಳಿಯಲ್ಲಿ ಕೂತು ಕೇಳಲಿ. ಕಲಿಸುವವರು ಇನ್ನೂ ಇದ್ದಾರೆ, ವಯಸ್ಸಾಗಿದೆ.

ಚಹಾದಂಗಡಿಯ ಹಿರಿಯರು ಬಸಿ ಕೆಳಗಿಟ್ಟು ಹುಡುಗನನ್ನು ಕೇಳಿದ್ದರು: “ಅಂವಾ ಅಲಾವಿ ಪದಾ ಏನರ ಹಾಡ್ಯಾನೇನ್ ನೋಡಪಾ.” ಹುಡುಗ ಮೊಬೈಲಿನಲ್ಲಿ ಬಹಳ ಹೊತ್ತು ಹುಡುಕಿದ. ಒಂದು ಕವ್ವಾಲಿ ಬಂತು, ಒಂದು ಸಿನಿಮಾ ಹಾಡು ಬಂತು. “ಇಲ್ರಿ ಕಾಕಾ, ಸಿಗವಲ್ದು,” ಅಂದ. ಅಷ್ಟರಲ್ಲಿ ಬಾದಾಮಿ ಬಸ್ ಬಂತು. ಹಿರಿಯರು ಹೆಗಲ ಮೇಲಿನ ಟವೆಲ್ ಕೊಡವಿ ಎದ್ದರು. ಹುಡುಗನೂ ಅದೇ ಬಸ್ಸಿಗೆ ಹತ್ತಿ ಅವರ ಪಕ್ಕದಲ್ಲೇ ಕೂತ. ಕಿಟಕಿಯಿಂದ ನೋಡಿದರೆ ಹಿರಿಯರು ಏನೋ ಹೇಳುತ್ತಿದ್ದರು, ಅವನು ಮೊಬೈಲನ್ನು ಅವರ ಬಾಯಿಯ ಹತ್ತಿರ ಹಿಡಿದಿದ್ದ.