ತಾಳಮದ್ದಳೆಯಲ್ಲಿ ದನಿಯ ನೆಲೆ: ಧ್ವನಿಮೂಲ ಮತ್ತು ಧ್ವನಿವರ್ಧಕಗಳ ಸ್ಥಾನನಿರ್ಣಯವನ್ನು ಕುರಿತು

ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಉತ್ಪತ್ತಿಯನ್ನು ಹೇಳುವಾಗ ನಾಭಿಮೂಲವನ್ನು ಅದರ ನೆಲೆಯೆಂದು ಗುರುತಿಸಿ, ಕಹಳೆಯ ಹೋಲಿಕೆಯನ್ನು ಕೊಡುತ್ತಾನೆ. ದನಿ ಎಲ್ಲಿಂದ ಹೊರಡುತ್ತದೆ ಎಂಬ ಈ ಪ್ರಶ್ನೆ ನಮ್ಮ ಪ್ರದರ್ಶನಕಲೆಗಳ ವಿಮರ್ಶೆಯಲ್ಲಿ ಹೆಚ್ಚಾಗಿ ಮುಂದುವರಿದಂತಿಲ್ಲ. ಯಾರು ಏನನ್ನು ನುಡಿದರು ಎಂಬುದೇ ಅಲ್ಲಿ ಪ್ರಧಾನವಾಗಿದೆ.

ತಾಳಮದ್ದಳೆಯ ಮಟ್ಟಿಗೆ ಇದು ದೊಡ್ಡ ಕೊರತೆ. ಯಕ್ಷಗಾನದ ಈ ಪ್ರಕಾರದಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಚೆಂಡೆ-ಮದ್ದಳೆಗಳ ನಾದ, ಕುಳಿತು ಅರ್ಥ ಹೇಳುವ ಅರ್ಥಧಾರಿಗಳ ಮಾತು, ಇಷ್ಟೇ ಇದರ ಸಾಮಗ್ರಿ. ಕರಾವಳಿಯಿಂದ ವಲಸೆ ಬಂದವರೊಡನೆ ಇದು ಮುಂಬಯಿಗೂ ಬಂದು, ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನದಂತಹ ಸಮುದಾಯ ಸಭಾಗೃಹಗಳಲ್ಲಿ ನೆಲೆ ಕಂಡಿತು. ‘ಕೃಷ್ಣಸಂಧಾನ’ದಲ್ಲಿ ಕೃಷ್ಣ ಒಂದು ಬದಿ, ಕೌರವ ಇನ್ನೊಂದು ಬದಿ, ನಡುವೆ ಹಿಮ್ಮೇಳ. ಪಕ್ಷ-ಪ್ರತಿಪಕ್ಷಗಳಿಗೆ ವೇದಿಕೆಯ ಮೇಲೆ ಉಳಿದಿರುವ ಕಾಣುವ ರೂಪವೆಂದರೆ ಈ ಆಸನವ್ಯವಸ್ಥೆ ಮಾತ್ರ.

ಧ್ವನಿವರ್ಧಕ ಬಂದೊಡನೆ ಆಸನ ಒಂದೆಡೆ, ದನಿ ಮತ್ತೊಂದೆಡೆ ಆಗುತ್ತದೆ. ಎಲ್ಲ ಮೈಕುಗಳ ದನಿಯನ್ನು ಬೆರೆಸಿ ವೇದಿಕೆಯ ಇಕ್ಕೆಲದ ಧ್ವನಿವರ್ಧಕಗಳಿಗೆ ಸಮನಾಗಿ ಕಳುಹಿಸುವುದು ಸಭಾಗೃಹಗಳ ಸಾಮಾನ್ಯ ವಾಡಿಕೆ. ಕಿವಿಯಾದರೋ ಮೊದಲು ಮುಟ್ಟಿದ ದನಿಯ ದಿಕ್ಕನ್ನೇ ಮೂಲದ ದಿಕ್ಕೆಂದು ಗ್ರಹಿಸುತ್ತದೆ. ಹೆಲ್ಮುಟ್ ಹಾಸ್ 1949ರ ಪ್ರಬಂಧದಲ್ಲಿ ಈ ಬಗೆಯ ಗ್ರಹಿಕೆಯನ್ನು ಪರೀಕ್ಷಿಸಿದ್ದಾರೆ. ಆದುದರಿಂದ ಎಡಗಡೆ ಕುಳಿತ ಶ್ರೋತೃವಿಗೆ ಕೃಷ್ಣನೂ ಕೌರವನೂ ಎಡದ ಧ್ವನಿವರ್ಧಕದಿಂದಲೇ ಮಾತನಾಡುತ್ತಾರೆ. ವಾದ ಉಳಿಯುತ್ತದೆ, ಎದುರುತನ ಅಳಿಯುತ್ತದೆ.

ಇಂದಿನ ಧ್ವನಿವಿನ್ಯಾಸದ ತಂತ್ರಾಂಶಗಳು ಮೂಲದ ಸ್ಥಾನ, ಧ್ವನಿವರ್ಧಕದ ಸ್ಥಾನ ಇವೆರಡನ್ನೂ ಬೇರೆಬೇರೆಯಾಗಿ ನಮೂದಿಸಿಕೊಳ್ಳುತ್ತವೆ. 1997ರಲ್ಲಿ ವಿಲ್ಲೆ ಪುಲ್ಕಿ ಮಂಡಿಸಿದ ಪದ್ಧತಿಯಲ್ಲಿ ಮೂಲದ ದಿಕ್ಕನ್ನು ಸುತ್ತುವರಿದ ಎರಡು ಅಥವಾ ಮೂರು ಧ್ವನಿವರ್ಧಕಗಳಿಗೆ ದನಿಯ ಬಲವನ್ನು ಹಂಚಲಾಗುತ್ತದೆ. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ಚಿತ್ರಮಂದಿರದ 64ರವರೆಗಿನ ಧ್ವನಿವರ್ಧಕಗಳಿಗೆ ಇಂತಹ ಹಂಚಿಕೆಯನ್ನು ಗಣಿಸಿಕೊಡಬಲ್ಲದು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಸ್ಥಾನ ನಮೂದಿಸಿದ ಪ್ರತ್ಯೇಕ ಮುದ್ರಿಕೆಗಳು ಹಸ್ತಪ್ರತಿಗಳಿದ್ದಂತೆ; ಬೆರೆಸಿದ ಮುದ್ರಿಕೆ ಪಾಠಾಂತರಗಳನ್ನು ಕೈಬಿಟ್ಟ ಅಚ್ಚಿನ ಪ್ರತಿಯಂತೆ.

ಆದರೆ ಈ ತಂತ್ರಾಂಶಗಳಿಗೂ ಮಿತಿಗಳಿವೆ. ಬಲದ ಹಂಚಿಕೆಯೊಂದನ್ನೇ ನಂಬಿದ ಪದ್ಧತಿ ಶ್ರೋತೃವು ನಡುವೆ ಕುಳಿತಿದ್ದಾನೆಂದು ಭಾವಿಸುತ್ತದೆ. ದನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಎರಡು ಧ್ವನಿವರ್ಧಕಗಳ ದೂರದಲ್ಲಿ 10 ಮೀಟರ್ ವ್ಯತ್ಯಾಸವಾದರೆ ದನಿ ಸುಮಾರು 29 ಮಿಲಿಸೆಕೆಂಡ್ ತಡವಾಗುತ್ತದೆ. ಆಗ ಹತ್ತಿರದ ಧ್ವನಿವರ್ಧಕವೇ ದಿಕ್ಕನ್ನು ನಿರ್ಧರಿಸುತ್ತದೆ. ಆದಕಾರಣ ಬಲದೊಡನೆ ಕಾಲದ ಹೊಂದಾಣಿಕೆಯೂ ಅಗತ್ಯ. ಇದಲ್ಲದೆ ಅರ್ಥಧಾರಿಯು ಒಮ್ಮೆ ಭಾಗವತರತ್ತ, ಒಮ್ಮೆ ಪ್ರತಿವಾದಿಯತ್ತ, ಒಮ್ಮೆ ಸಭೆಯತ್ತ ಮುಖ ತಿರುಗಿಸುತ್ತಾನೆ. ಅರ್ಥದ ಭಾಗವೇ ಆದ ಈ ತಿರುವು ಮೂಲವನ್ನು ಬರಿಯ ಬಿಂದುವೆಂದು ಎಣಿಸುವ ನಕ್ಷೆಯಲ್ಲಿ ಸಿಗದು.

ತಾಳಮದ್ದಳೆಯ ಮಾತು ಪೂರ್ವಲಿಖಿತವಲ್ಲ. ಆಯಾ ಕೂಟದಲ್ಲಿಯೇ ಹುಟ್ಟಿ ಅಲ್ಲಿಯೇ ಮುಗಿಯುವಂತಹುದು. ಬೆರೆತ ದನಿಗಳನ್ನು ಮುಂದೆ ಯಂತ್ರ ಬೇರ್ಪಡಿಸಿದರೂ ಯಾರು ಎಲ್ಲಿ ಕುಳಿತಿದ್ದರೆಂಬುದನ್ನು ಅದು ಹೇಳಲಾರದು. ಆದ್ದರಿಂದ ಹೊರನಾಡಿನಲ್ಲಿ ದಾಖಲಾತಿಗೆ ತೊಡಗುವ ಸಂಶೋಧಕರು ಪ್ರತಿ ಮೈಕಿನ ದನಿಯನ್ನು ಪ್ರತ್ಯೇಕವಾಗಿ ಉಳಿಸಿ, ಆಸನಗಳ ಅಂತರವನ್ನು ಅಳೆದು ನಕ್ಷೆಯೊಂದನ್ನು ಜೊತೆಗಿಡಬೇಕು. ಧ್ವನಿವರ್ಧಕಗಳ ವ್ಯವಸ್ಥೆ ಕಾಲಕಾಲಕ್ಕೆ ಬದಲಾದೀತು. ಮೂಲದ ನೆಲೆ ದಾಖಲಾಗಿದ್ದರೆ ಮುಂದಿನವರು ಅದನ್ನು ಯಾವ ಸಭೆಗೂ ಹೊಂದಿಸಿಕೊಳ್ಳಬಲ್ಲರು.