ನೀರು ಕಾಣದ ನಕ್ಷೆ

ಫ್ಲೋರಿಡಾದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ. ಆ ಆರು ತಿಂಗಳಲ್ಲಿ ಅಟ್ಲಾಂಟಿಕ್‌ನಲ್ಲಿ ಎಲ್ಲೇ ಒಂದು ಚಂಡಮಾರುತ ಎದ್ದರೂ ಮಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರ ಆರು ತಾಸಿಗೊಮ್ಮೆ ಒಂದು ನಕ್ಷೆ ಹೊರಡಿಸುತ್ತದೆ. ಚಂಡಮಾರುತ ಈಗಿರುವ ಜಾಗದಲ್ಲಿ ಚೂಪಾಗಿ ಶುರುವಾಗುವ ಬಿಳಿಯ ಪಟ್ಟಿಯೊಂದು, ಮುಂದಿನ ಐದು ದಿನಗಳ ದಾರಿಯುದ್ದಕ್ಕೂ ಅಗಲವಾಗುತ್ತ ಹೋಗುತ್ತದೆ. ಅಲ್ಲಿಯವರ ಬಾಯಲ್ಲಿ ಅದು ‘ಕೋನ್’. ನಾನು ಶಂಕು ಎನ್ನುತ್ತೇನೆ. 2002ರಲ್ಲಿ ಬಳಕೆಗೆ ಬಂದ ಈ ಚಿತ್ರವನ್ನು ನೋಡಿಯೇ ಲಕ್ಷಾಂತರ ಮನೆಗಳಲ್ಲಿ ಹೊರಡಬೇಕೋ ಉಳಿಯಬೇಕೋ ಎಂಬುದು ನಿರ್ಧಾರವಾಗುತ್ತದೆ. ಪ್ರಾಣ ಉಳಿಸುವ ಹೊಣೆ ಹೊತ್ತ ಚಿತ್ರವನ್ನು ಒಂದು ಕೃತಿಯೆಂದೇ ತೂಗಿ ನೋಡಬೇಕು. ಹಾಗೆ ನೋಡಿದಾಗ ನನಗನಿಸಿದ್ದು: ಇದರ ಹಿಂದಿನ ಲೆಕ್ಕ ಪ್ರಾಮಾಣಿಕ, ಆದರೆ ಕರಾವಳಿಯ ಮನೆಯವರಿಗೆ ಮೊದಲು ತೋರಿಸಬೇಕಾದ ಚಿತ್ರ ಇದಲ್ಲ.

ಲೆಕ್ಕ ಹೀಗಿದೆ. ಹಿಂದಿನ ಐದು ವರ್ಷಗಳಲ್ಲಿ ಕೇಂದ್ರದ ಮುನ್ಸೂಚನೆ ಎಷ್ಟೆಷ್ಟು ದೂರ ತಪ್ಪಿತ್ತು ಎಂದು ನೋಡಿ, ಆ ತಪ್ಪುಗಳಲ್ಲಿ ಮೂರರಲ್ಲಿ ಎರಡು ಪಾಲು ಒಳಗೆ ಬರುವಷ್ಟು ದೊಡ್ಡ ವೃತ್ತವನ್ನು ಒಂದೊಂದು ಹಂತಕ್ಕೂ ಎಳೆಯುತ್ತಾರೆ. 2022ರಲ್ಲಿ ಮೂರು ದಿನ ಮುಂಚಿನ ವೃತ್ತದ ತ್ರಿಜ್ಯ ಸುಮಾರು 100 ನಾಟಿಕಲ್ ಮೈಲಿ, ಅಂದರೆ 185 ಕಿಲೋಮೀಟರ್. ಈ ವೃತ್ತಗಳ ಅಂಚುಗಳನ್ನು ಕೂಡಿಸಿದರೆ ಶಂಕು ಸಿದ್ಧ. ಅಂದಮೇಲೆ ಚಂಡಮಾರುತದ ಕಣ್ಣೇ ಮೂರರಲ್ಲಿ ಒಂದು ಸಲ ಈ ಪಟ್ಟಿಯಿಂದ ಆಚೆ ಹೋಗಬಹುದೆಂದು ಲೆಕ್ಕವೇ ಒಪ್ಪಿಕೊಂಡಿದೆ. ಗಾಳಿಯ ಹರವು, ಮಳೆ, ಕಡಲು ಉಕ್ಕುವುದು ಯಾವುದಕ್ಕೂ ಈ ಗೆರೆಗಳಲ್ಲಿ ಜಾಗವಿಲ್ಲ. ತೇರು ಬೀದಿಯಲ್ಲಿ ಬರುವಾಗ ಅದರ ಅಚ್ಚಿನ ನಡು ಎಲ್ಲಿ ಹಾದುಹೋಗುತ್ತದೆಂದು ಹೇಳಿ, ಚಕ್ರ ಎಷ್ಟಗಲವೆಂದು ಹೇಳದೆ ಬಿಟ್ಟಂತಿದೆ ಇದು.

ನೋಡುವ ಕಣ್ಣಿಗೆ ಇದೇನೂ ತಿಳಿಯುವುದಿಲ್ಲ. ಪಟ್ಟಿ ಅಗಲವಾದರೆ ಚಂಡಮಾರುತವೇ ದೊಡ್ಡದಾಗುತ್ತಿದೆ ಎಂದುಕೊಳ್ಳುವವರಿದ್ದಾರೆ. ಅಂಚಿನಿಂದ ಒಂದು ಬೆರಳು ಆಚೆಗೆ ತಮ್ಮ ಊರಿದ್ದರೆ ಬಚಾವಾದೆವು ಎಂದುಕೊಳ್ಳುವವರು ಇನ್ನೂ ಹೆಚ್ಚು. ಶಂಕು ಚಂಡಮಾರುತದ ಗಾತ್ರವನ್ನು ತೋರಿಸುವುದಿಲ್ಲ, ಅದರ ಹೊರಗೂ ಅಪಾಯವಿದೆ ಎಂಬ ಎಚ್ಚರಿಕೆಯೇನೋ ನಕ್ಷೆಯ ಮೇಲೆಯೇ ಇದೆ, ಸಣ್ಣ ಅಕ್ಷರದಲ್ಲಿ. ಬಣ್ಣ ಮತ್ತು ಆಕಾರ ಒಂದು ಮಾತು ಹೇಳಿ, ಅಕ್ಷರ ಇನ್ನೊಂದು ಹೇಳಿದರೆ ಗಾಬರಿಯಲ್ಲಿರುವ ಮನುಷ್ಯ ಆಕಾರವನ್ನೇ ನಂಬುತ್ತಾನೆ. ಅವನ ಮೇಲೆ ತಪ್ಪು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ.

2004ರ ಆಗಸ್ಟ್ 13ರಂದು ಚಾರ್ಲಿ ಚಂಡಮಾರುತ ಬಂದಾಗಲೇ ಇದು ಗೊತ್ತಾಗಿತ್ತು. ಕಣ್ಣಿನ ಅಂದಾಜು ದಾರಿಯೆಂದು ಶಂಕುವಿನ ನಡುವೆ ಎಳೆದಿದ್ದ ಕಪ್ಪು ಗೆರೆ ಟ್ಯಾಂಪಾ ಕೊಲ್ಲಿಯತ್ತ ಇತ್ತು. ಚಂಡಮಾರುತ ಬಲಕ್ಕೆ ಹೊರಳಿ ದಕ್ಷಿಣದ ಪುಂಟಾ ಗೋರ್ಡಾ ಊರನ್ನು ಬಡಿಯಿತು. ಆ ಊರು ಶಂಕುವಿನ ಒಳಗೇ ಇತ್ತು, ಹರಿಕೇನ್ ಎಚ್ಚರಿಕೆಯೂ ಜಾರಿಯಲ್ಲಿತ್ತು; ಜನರ ಕಣ್ಣು ಮಾತ್ರ ಗೆರೆಯ ಮೇಲಿತ್ತು. ಆ ವರ್ಷದ ತಪ್ಪು ಗ್ರಹಿಕೆಗಳ ಬಗ್ಗೆ ಕೆನೆತ್ ಬ್ರಾಡ್ ಮತ್ತು ಸಂಗಡಿಗರು 2007ರಲ್ಲಿ ಅಧ್ಯಯನವನ್ನೇ ಪ್ರಕಟಿಸಿದರು.

ಹದಿನೆಂಟು ವರ್ಷಗಳ ಬಳಿಕ ಇಯಾನ್ ಬಂತು. 2022ರ ಸೆಪ್ಟೆಂಬರ್ ಕೊನೆಯ ವಾರ ಎಲ್ಲರ ಗಮನವೂ ಮತ್ತೆ ಟ್ಯಾಂಪಾದ ಮೇಲೆಯೇ. ದಿನ ಕಳೆದಂತೆ ದಾರಿ ದಕ್ಷಿಣಕ್ಕೆ ಸರಿಯಿತು. 26ರ ಸೋಮವಾರದ ಹೊತ್ತಿಗೆ ಫೋರ್ಟ್ ಮಯರ್ಸ್ ಇರುವ ಲೀ ಕೌಂಟಿಯ ಕಡಲಂಚಿಗೂ ನೀರು ನುಗ್ಗುವ ಅಪಾಯ ಕೇಂದ್ರದ ಮುನ್ಸೂಚನೆಯಲ್ಲೇ ಇತ್ತು. ಉತ್ತರದ ಕೌಂಟಿಗಳು ಅಂದೇ ಜನರನ್ನು ಹೊರಡಿಸಿದವು. ಲೀ ಕೌಂಟಿಯ ಕಡ್ಡಾಯ ಆದೇಶ ಬಂದದ್ದು 27ರ ಬೆಳಿಗ್ಗೆ. 28ರ ಮಧ್ಯಾಹ್ನ ಮೂರರ ಸುಮಾರಿಗೆ ಗಂಟೆಗೆ 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಇಯಾನ್ ಕಾಯೋ ಕೋಸ್ಟಾ ದ್ವೀಪದಲ್ಲಿ ದಡ ಮುಟ್ಟಿತು. ಫೋರ್ಟ್ ಮಯರ್ಸ್ ಬೀಚ್‌ನಲ್ಲಿ ನೆಲದಿಂದ 10ರಿಂದ 15 ಅಡಿ ನೀರು ನಿಂತಿತು. ಮನೆಗಳು ಅಡಿಪಾಯ ಬಿಟ್ಟು ತೇಲಿಹೋದವು. ಅಮೆರಿಕದಲ್ಲಿ ಇಯಾನ್‌ಗೆ ನೇರವಾಗಿ ಬಲಿಯಾದ 66 ಮಂದಿಯಲ್ಲಿ 41 ಮಂದಿಯನ್ನು ಕೊಂದದ್ದು ಉಕ್ಕಿ ಬಂದ ಕಡಲು. ಮೊದಲಿನ ದಿನಗಳಲ್ಲಿ ಶಂಕು ಉತ್ತರಕ್ಕಿತ್ತು ಎಂಬುದು ಆಮೇಲೆ ಅಧಿಕಾರದಲ್ಲಿದ್ದವರು ಕೊಟ್ಟ ಸಮರ್ಥನೆ. ಓದಿದಾಗ ನನಗೆ ಸಂಕಟವಾಯಿತು. ಸಾಮಾನ್ಯರು ಮಾತ್ರವಲ್ಲ, ಆದೇಶ ಹೊರಡಿಸುವವರೂ ಅದೇ ಚಿತ್ರವನ್ನು ನೆಚ್ಚಿ ಕುಳಿತಿದ್ದರು.

ಈ ನಕ್ಷೆಯ ಮಿತಿಯನ್ನು 2024ರಷ್ಟು ನಿಚ್ಚಳವಾಗಿ ತೋರಿಸಿದ ವರ್ಷ ಇನ್ನೊಂದಿಲ್ಲ. ಸೆಪ್ಟೆಂಬರ್ 26ರಂದು ಹೆಲೀನ್‌ನ ಕಣ್ಣು ಟ್ಯಾಂಪಾದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕಡಲಲ್ಲೇ ಉತ್ತರಕ್ಕೆ ಸಾಗಿತು. ಟ್ಯಾಂಪಾ ಕೊಲ್ಲಿಯಲ್ಲಿ ಮಾತ್ರ ಈಗಿನ ಮಾಪಕಗಳಲ್ಲಿ ಹಿಂದೆಂದೂ ದಾಖಲಾಗದಷ್ಟು ನೀರು ಏರಿ ಮನೆಗಳ ಒಳಗೆ ನುಗ್ಗಿತು. ಎರಡು ವಾರ ತುಂಬುವ ಮೊದಲೇ, ಅಕ್ಟೋಬರ್ 9ರಂದು ಮಿಲ್ಟನ್ ಅದೇ ಕೊಲ್ಲಿಗೆ ಗುರಿಯಿಟ್ಟಂತೆ ಬಂದು, ಕೊನೆಗೆ ತುಸು ದಕ್ಷಿಣಕ್ಕೆ ಸೀಯೆಸ್ಟಾ ಕೀಯಲ್ಲಿ ದಡ ಸೇರಿತು. ಆಗ ಗಾಳಿ ನೆಲದ ಕಡೆಯಿಂದ ಬೀಸಿದ್ದರಿಂದ ಕೊಲ್ಲಿಯ ನೀರು ಹಿಂದಕ್ಕೆ ಸರಿಯಿತು. ಕಣ್ಣು ದೂರವಿದ್ದಾಗ ನೀರು ಬಂತು, ಹತ್ತಿರ ಬಂದಾಗ ನೀರು ಹೋಯಿತು. ಗಾಳಿ ಯಾವ ದಿಕ್ಕಿನಿಂದ, ಕರಾವಳಿ ಯಾವ ಕಡೆಗೆ ಬಾಗಿದೆ, ಕಡಲತಳ ಎಷ್ಟು ಆಳ ಎಂಬುದರ ಮೇಲೆ ನಿಂತಿರುವ ಸಂಗತಿ ಇದು.

ನಮ್ಮ ಕರಾವಳಿಗೂ ಇದು ಹೊಸದಲ್ಲ. ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲೂ ಇಂಥದೇ ಶಂಕು ಇರುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಕಡಲಲ್ಲೇ ಉತ್ತರಕ್ಕೆ ಸಾಗಿ ಗುಜರಾತಿನಲ್ಲಿ ದಡ ಸೇರಿತು. ದಾರಿಯ ಗೆರೆ ಕರ್ನಾಟಕವನ್ನು ಮುಟ್ಟಲೇ ಇಲ್ಲ. ಆದರೂ ಕಡಲ್ಕೊರೆತಕ್ಕೆ ಉಳ್ಳಾಲದ ಕಡೆ ಮನೆಗಳು, ತೆಂಗಿನ ಮರಗಳು ಹೋದವು.

ಮುನ್ಸೂಚನೆಯ ವಿಜ್ಞಾನ ಸುಧಾರಿಸಿರುವುದು ನಿಜ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ತಪ್ಪು ಕಡಿಮೆಯಾದಂತೆ ವೃತ್ತವೂ ಚಿಕ್ಕದಾಗುತ್ತದೆ, ಶಂಕು ಸಣಕಲಾಗುತ್ತದೆ. ಚಂಡಮಾರುತ ಮಾತ್ರ ಮೊದಲಿನಷ್ಟೇ ದೊಡ್ಡದು. ಪೆಟ್ಟು ತಿನ್ನುವ ಊರುಗಳು ಇನ್ನೂ ಹೆಚ್ಚಾಗಿ ಪಟ್ಟಿಯ ಹೊರಗೆ ಬೀಳುತ್ತವೆ. 2024ರ ಆಗಸ್ಟ್‌ನಲ್ಲಿ ಪ್ರಯೋಗಕ್ಕೆ ಬಿಟ್ಟ ನಕ್ಷೆಯಲ್ಲಿ ಒಳನಾಡಿನ ಗಾಳಿಯ ಎಚ್ಚರಿಕೆಯನ್ನೂ ಬಣ್ಣದಲ್ಲಿ ತೋರಿಸಿದ್ದು ಒಳ್ಳೆಯ ಹೆಜ್ಜೆ, ಆದರೆ ಅದರಲ್ಲೂ ನೀರಿಲ್ಲ. ಒಂದರಿಂದ ಐದರವರೆಗಿನ ಸಾಫಿರ್–ಸಿಂಪ್ಸನ್ ದರ್ಜೆಯೂ ಅಳೆಯುವುದು ಗಾಳಿಯನ್ನಷ್ಟೇ: ಕಡಲು ಉಕ್ಕಿಸಿ ಊರುಗಳನ್ನೇ ಮುಳುಗಿಸಿದ 2005ರ ಕತ್ರೀನಾ ಲೂಯಿಸಿಯಾನಾದಲ್ಲಿ ದಡ ಮುಟ್ಟಿದಾಗ ಅದರ ದರ್ಜೆ ಮೂರೇ.

ನೀರಿನ ನಕ್ಷೆ ಇಲ್ಲವೆಂದೇನಲ್ಲ. ಕಡಲು ಉಕ್ಕುವುದಕ್ಕೇ ಪ್ರತ್ಯೇಕ ಎಚ್ಚರಿಕೆ 2017ರಿಂದ ಜಾರಿಯಲ್ಲಿದೆ. ಯಾವ ಬೀದಿಯಲ್ಲಿ ನೆಲದಿಂದ ಎಷ್ಟಡಿ ನೀರು ನಿಲ್ಲಬಹುದೆಂದು ಬಣ್ಣಬಣ್ಣದಲ್ಲಿ ತೋರಿಸುವ ನಕ್ಷೆಯನ್ನೂ ಅದೇ ಕೇಂದ್ರ ಕೊಡುತ್ತದೆ. ಫ್ಲೋರಿಡಾದ ಕರಾವಳಿಯ ಮನೆಗಳಿಗೆ ಎ, ಬಿ, ಸಿ ಎಂದು ಸ್ಥಳಾಂತರದ ವಲಯಗಳಿವೆ. ಎ ವಲಯದವರು ಮೊದಲು ಹೊರಡಬೇಕು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯುತ್ತಮ ಕೆಲಸ ಇದು, ಏಕೆಂದರೆ ಮನೆಯ ಮೆಟ್ಟಿಲ ಮೇಲೆ ನಿಂತವರ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದರ ಕೊರತೆ ಸಮಯದ್ದು. ಕಡಲು ಉಕ್ಕುವ ಮೊದಲ ಹಂತದ ಎಚ್ಚರಿಕೆ ಬರುವುದು ಸಾಮಾನ್ಯವಾಗಿ 48 ಗಂಟೆ ಮುಂಚೆ. ಸ್ವಂತ ಕಾರಿದ್ದವರಿಗೆ ಅಷ್ಟು ಸಾಕು. ಫೋರ್ಟ್ ಮಯರ್ಸ್ ಬೀಚ್‌ನಂಥ ದ್ವೀಪದಲ್ಲಿ, ನಿವೃತ್ತರೇ ತುಂಬಿರುವ ಕಡೆ, ಆಕ್ಸಿಜನ್ ಯಂತ್ರ ಕಟ್ಟಿಕೊಂಡವರನ್ನು ಎರಡೇ ಸೇತುವೆಗಳ ಮೇಲೆ ದಾಟಿಸಬೇಕಾದಾಗ ಸಾಲದು. ನೀರು ಎಷ್ಟಡಿ ಏರುವ ಸಂಭವ ಶೇಕಡ ಎಷ್ಟು ಎಂಬ ಅಂಕಿಗಳು ಎಚ್ಚರಿಕೆಗಿಂತ ಮುಂಚೆಯೇ ಕೇಂದ್ರದ ಕೈಯಲ್ಲಿರುತ್ತವೆ. ಸಂಜೆ ಐದರ ಪ್ರಕಟಣೆಯಲ್ಲಿ, ಟಿವಿಯ ಪರದೆಯ ಮೇಲೆ, ಶಂಕುವಿಗಿಂತ ಮೊದಲು ಬರಬೇಕಾದ್ದು ಆ ಅಂಕಿಗಳು.