ಆರುವ ಸ್ವರಕ್ಕೆ ಬರೆದ ಸಂಗೀತ

1849ರ ಅಕ್ಟೋಬರ್ 30ರಂದು ಪ್ಯಾರಿಸ್ಸಿನ ಮಾದ್‌ಲೆನ್ ಚರ್ಚಿನಲ್ಲಿ ಫ್ರೆಡೆರಿಕ್ ಶೋಪಾನ್‌ನ ಅಂತ್ಯಕ್ರಿಯೆ ನಡೆದಾಗ, ಆತನ 28ನೇ ಕೃತಿಸಂಖ್ಯೆಯ ಪ್ರೆಲ್ಯೂಡ್‌ಗಳಲ್ಲಿ ನಾಲ್ಕನೆಯದನ್ನೂ ಆರನೆಯದನ್ನೂ ಲೆಫೆಬ್ಯೂರ್-ವೇಲಿ ಆರ್ಗನ್‌ನಲ್ಲಿ ನುಡಿಸಿದ. ಬದುಕಿನುದ್ದಕ್ಕೂ ಪಿಯಾನೋವನ್ನೇ ನಂಬಿ ಬರೆದವನನ್ನು ಬೀಳ್ಕೊಟ್ಟದ್ದು ಪಿಯಾನೋಕ್ಕೆ ತೀರಾ ವಿರುದ್ಧ ಸ್ವಭಾವದ ವಾದ್ಯ. ಕೊಳವೆಗೆ ಗಾಳಿ ಸಿಗುತ್ತಿರುವವರೆಗೂ ಆರ್ಗನ್ನಿನ ಸ್ವರ ಹುಟ್ಟಿದ ಬಲದಲ್ಲೇ ನಿಂತಿರುತ್ತದೆ. ಪಿಯಾನೋದಲ್ಲಿ ಹಾಗಲ್ಲ. ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿದ ಮೇಲೆ ಆ ಸ್ವರಕ್ಕೆ ಹೊಸ ಬಲ ತುಂಬಲು ನುಡಿಸುವವನಿಂದ ಆಗದು. ಹುಟ್ಟಿದ ಗಳಿಗೆಯಿಂದಲೇ ಅದು ಆರತೊಡಗುತ್ತದೆ. ನಾಲ್ಕನೇ ಪ್ರೆಲ್ಯೂಡ್‌ನ ಜೀವವಿರುವುದೇ ಇಲ್ಲಿ. ಬಲಗೈಯ ರಾಗ ಒಂದು ದೀರ್ಘ ಸ್ವರದ ಮೇಲೆ ನಿಂತು, ಪಕ್ಕದ ಸ್ವರವನ್ನು ಮುಟ್ಟಿ, ಮತ್ತೆ ಅಲ್ಲಿಗೇ ಮರಳುತ್ತದೆ. ಅದರ ಕೆಳಗೆ ಎಡಗೈಯ ಸ್ವರಗುಚ್ಛಗಳು ಅರ್ಧರ್ಧ ಮೆಟ್ಟಿಲಾಗಿ ಇಳಿಯುತ್ತವೆ. ಮೇಲಿನ ಸ್ವರ ಸೊರಗಿದಷ್ಟೂ ಕೆಳಗಿನ ಇಳಿತ ನಿಚ್ಚಳವಾಗುತ್ತದೆ, ಉಳಿದ ನಾದವನ್ನು ಕೇಳುಗನ ಕಿವಿಯೇ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಆರ್ಗನ್ ಆ ಕೆಲಸವನ್ನು ನಮ್ಮಿಂದ ಕಿತ್ತುಕೊಳ್ಳುತ್ತದೆ.

ಇಂದು ಶೋಪಾನ್‌ನ ಧ್ವನಿಮುದ್ರಿಕೆ ಹುಡುಕುವವರ ಮುಂದೆ ಆತನ ಕಾಲದ ಪ್ಲೇಯೆಲ್ ಮತ್ತು ಎರಾರ್ ಪಿಯಾನೋಗಳಿವೆ, ಇಂದಿನ ಸ್ಟೈನ್‌ವೇ ಇದೆ, ಪಿಟೀಲು, ಚೆಲ್ಲೊ, ಗಿಟಾರ್, ವಾದ್ಯವೃಂದಗಳಿವೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಹಳೆಯ ವಾದ್ಯವೇ ಸತ್ಯ ಎನ್ನುವವರು ಒಂದು ಕಡೆ, ಒಳ್ಳೆಯ ಸಂಗೀತಕ್ಕೆ ಯಾವ ವಾದ್ಯವಾದರೇನು ಎನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ಒಪ್ಪುವ ಮಾತಲ್ಲ. ವಾದ್ಯದ ವಯಸ್ಸನ್ನೂ ಕುಲವನ್ನೂ ಬದಿಗಿಟ್ಟು ಬೇರೊಂದನ್ನು ಕೇಳಬೇಕು: ಸ್ವರ ಆರುವ ಬಗೆಯನ್ನು ಈ ವಾದ್ಯ ಹೇಗೆ ನಡೆಸಿಕೊಳ್ಳುತ್ತದೆ? ಏಕೆಂದರೆ ಶೋಪಾನ್ ಬರೆದದ್ದು ಆರುವ ಸ್ವರಕ್ಕೆ.

ಇದಕ್ಕೆ ಸಾಕ್ಷಿ ಆತನ ಬರಹದಲ್ಲೇ ಇದೆ. ಒಂಬತ್ತನೇ ಕೃತಿಸಂಖ್ಯೆಯ ಎರಡನೇ ನಾಕ್ಟರ್ನ್‌ನಲ್ಲಿ ಮೊದಲ ರಾಗ ಮರಳಿ ಬಂದಾಗಲೆಲ್ಲ ಹೊಸ ಕುಸುರಿ ತೊಟ್ಟು ಬರುತ್ತದೆ. ಇದನ್ನು ಬರೀ ಅಲಂಕಾರವೆನ್ನುವುದು ಸುಲಭ. ಆದರೆ ಆ ಕುಸುರಿ ಹೆಚ್ಚಾಗಿ ಮೂಡುವುದು ದೀರ್ಘ ಸ್ವರ ಸೊರಗುವ ಎಡೆಗಳಲ್ಲಿ. ಆರುವ ದೀಪಕ್ಕೆ ಎಣ್ಣೆ ಹೊಯ್ದ ಹಾಗೆ. ಇದೇ ಶೋಪಾನ್, ಗೆಳೆಯ ಫ್ರಾಂಷೋಮ್‌ಗಾಗಿ ಬರೆದು 1847ರಲ್ಲಿ ಪ್ರಕಟಿಸಿದ ಚೆಲ್ಲೊ ಸೊನಾಟಾದ ನಿಧಾನಗತಿಯ ಭಾಗದಲ್ಲಿ ಏನು ಮಾಡುತ್ತಾನೆ ನೋಡಿ. ಅಲ್ಲಿ ರಾಗ ನೇರ, ಉದ್ದ, ಹೆಚ್ಚುಕಡಿಮೆ ನಿರಾಭರಣ. ಕಮಾನು ಕೈಗೆ ಸಿಕ್ಕಿದ ಕೂಡಲೇ ಕುಸುರಿಯನ್ನು ಆತ ಕೆಳಗಿಟ್ಟ. ಜಾಕ್ವೆಲಿನ್ ಡು ಪ್ರೆ ಮತ್ತು ಬರೆನ್‌ಬೋಯಿಮ್ ಜೋಡಿಯದಾಗಲಿ, ರೊಸ್ತ್ರೊಪೊವಿಚ್ ಮತ್ತು ಆರ್ಗೆರಿಚ್ ಜೋಡಿಯದಾಗಲಿ, ಒಂದು ಮುದ್ರಿಕೆ ಕೇಳಿದರೂ ಇದು ತಿಳಿಯುತ್ತದೆ. ನಿಲ್ಲುವ ಸ್ವರಕ್ಕೆ ಹೇಗೆ ಬರೆಯಬೇಕೆಂದು ಬಲ್ಲವನು, ನಾಕ್ಟರ್ನ್‌ಗಳನ್ನು ಬೇಕೆಂದೇ ಬೇರೆ ಬಗೆಯಲ್ಲಿ ಬರೆದಿದ್ದಾನೆ.

ಇನ್ನು ಪಿಯಾನೋಗಳ ಮಾತು. ಶೋಪಾನ್ ಮೆಚ್ಚಿದ ಪ್ಲೇಯೆಲ್‌ನಲ್ಲಿ ಮರದ ಮೈಗೆ ಕಬ್ಬಿಣದ ಪಟ್ಟಿಗಳ ಆಸರೆ, ತೆಳುವಾದ ತಂತಿ, ಹಗುರ ಸುತ್ತಿಗೆ. ತಂತಿಗಳು ಒಂದರ ಪಕ್ಕ ಒಂದು ನೇರವಾಗಿ ಸಾಗುವುದರಿಂದ ಮಂದ್ರ, ಮಧ್ಯ, ತಾರ ಸ್ಥಾಯಿಗಳಿಗೆ ತಮ್ಮ ತಮ್ಮ ಬಣ್ಣ ಉಂಟು. ಸ್ವರ ಬೇಗ ಆರುತ್ತದೆ. ಮೈ ಹುಷಾರಿಲ್ಲದಾಗ ಸಿದ್ಧ ನಾದ ಕೊಡುವ ಎರಾರ್ ಸಾಕು, ಚೈತನ್ಯವಿದ್ದಾಗ ತನ್ನ ನಾದವನ್ನು ತಾನೇ ಹುಡುಕಿಕೊಳ್ಳಲು ಪ್ಲೇಯೆಲ್ ಬೇಕು ಎಂಬ ಅರ್ಥದ ಮಾತನ್ನು ಆತ ಆಡುತ್ತಿದ್ದನಂತೆ. ಪ್ರೆಲ್ಯೂಡ್‌ಗಳ ಫ್ರೆಂಚ್ ಆವೃತ್ತಿ ಆ ಪಿಯಾನೋಗಳ ತಯಾರಕ ಕಮೀಯ್ ಪ್ಲೇಯೆಲ್‌ಗೇ ಅರ್ಪಿತ. ಸ್ಟೈನ್‌ವೇ ಕಂಪನಿ ಗ್ರ್ಯಾಂಡ್ ಪಿಯಾನೋದ ಮಂದ್ರ ತಂತಿಗಳನ್ನು ಉಳಿದವುಗಳ ಮೇಲೆ ಅಡ್ಡ ಹಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1859ರಲ್ಲಿ, ಶೋಪಾನ್ ತೀರಿಕೊಂಡ ಹತ್ತು ವರ್ಷಗಳ ಮೇಲೆ. ಇಂದಿನ ಕಛೇರಿ ಪಿಯಾನೋದ ಎರಕದ ಚೌಕಟ್ಟು ಹೊರುವ ತಂತಿಗಳ ಎಳೆತ ಸುಮಾರು 20 ಟನ್. ಸ್ವರ ದಪ್ಪ, ಸಮ, ದೀರ್ಘಾಯುಷಿ. ಇದರ ಪರಿಣಾಮ, ಸ್ವರಗಳನ್ನು ತಡೆಯದೆ ನುಡಿಯಲು ಬಿಡುವ ಪೆಡಲ್‌ನಲ್ಲಿ ಕಾಣುತ್ತದೆ. ಹದಿನಾರನೇ ಪ್ರೆಲ್ಯೂಡ್‌ನಲ್ಲಿ ಶೋಪಾನ್ ಗುರುತು ಹಾಕಿದಂತೆ ಹಲವು ತಾಳಾವರ್ತಗಳುದ್ದಕ್ಕೂ ಪೆಡಲ್ ಒತ್ತಿ ಹಿಡಿದರೆ ಇಂದಿನ ಪಿಯಾನೋದಲ್ಲಿ ಎಲ್ಲವೂ ಕಲಸುಮೇಲೋಗರ. ಹಳೆಯದರಲ್ಲಿ ಹಿಂದಿನ ಸ್ವರ ತಾನೇ ದಾರಿ ಬಿಟ್ಟುಕೊಟ್ಟು ಮಂಜಿನಂಥ ತೆರೆಯೊಂದು ಉಳಿಯುತ್ತದೆ. 1836ರ ಪ್ಲೇಯೆಲ್ ಮೇಲೆ ಅಲೆನ್ ಪ್ಲನೆಸ್ ನುಡಿಸಿದ್ದನ್ನು ಕೇಳಿದರೆ ಆ ನಾದದ ಸ್ವಭಾವ ಅರ್ಥವಾಗುತ್ತದೆ. ಕನ್ಸರ್ಟೊಗಳಿಗೆ ಬಂದರೆ ಎಮ್ಯಾನುಯೆಲ್ ಆಕ್ಸ್ 1851ರ ಎರಾರ್ ಮೇಲೆ, ಡಾಂಗ್ ಥಾಯ್ ಸನ್ 1849ರ ಎರಾರ್ ಮೇಲೆ ನುಡಿಸಿದ ಮುದ್ರಿಕೆಗಳಿವೆ.

ಆಕ್ಷೇಪಣೆಗಳಿಗೆ ಬಲವಿಲ್ಲದೇ ಇಲ್ಲ. ನೂರೆಪ್ಪತ್ತು ವರ್ಷ ದಾಟಿದ ಪಿಯಾನೋದ ಮರ ಒಣಗಿದೆ, ತಂತಿ ಬದಲಾಗಿದೆ, ಸುತ್ತಿಗೆಯ ಹೊದಿಕೆ ಗಡುಸಾಗಿದೆ ಅಥವಾ ಹೊಸದಾಗಿದೆ. ಅದು ಶೋಪಾನ್ ಕೇಳಿದ ನಾದವೇ ಎಂದು ಪ್ರಮಾಣ ಮಾಡಲಾಗದು. ನಿಜ. ಆದರೆ ಮುದಿಯಾದ ಪ್ಲೇಯೆಲ್‌ನ ತಂತಿ ಈಗಲೂ ನೇರವಾಗಿಯೇ ಇದೆ, ಸುತ್ತಿಗೆ ಈಗಲೂ ಹಗುರವಾಗಿಯೇ ಇದೆ. ನಾದದ ಬಣ್ಣ ಮಾಸಿರಬಹುದು, ಆಯುಷ್ಯ ಹೆಚ್ಚು ಬದಲಾಗಿರಲಾರದು. ವಾದ್ಯಕ್ಕಿಂತ ವಾದಕ ದೊಡ್ಡವನು ಎಂಬುದು ಇನ್ನೊಂದು ಆಕ್ಷೇಪಣೆ. ಆರ್ಥರ್ ರೂಬಿನ್‌ಸ್ಟೈನ್ 1965ರಲ್ಲಿ ಇಂದಿನ ಪಿಯಾನೋದಲ್ಲೇ ಮುದ್ರಿಸಿದ ನಾಕ್ಟರ್ನ್‌ಗಳನ್ನು ಕೇಳಿದ ಯಾರೂ ಇದನ್ನು ತಳ್ಳಿಹಾಕಲಾರರು. ಆದರೆ ರೂಬಿನ್‌ಸ್ಟೈನ್ ಅಲ್ಲಿ ಮಾಡಿದ್ದೇನು? ಒಂದು ಸ್ವರ ಸೊರಗಿದ ಮಟ್ಟಕ್ಕೆ ಸರಿಯಾಗಿ ಮುಂದಿನ ಸ್ವರವನ್ನು ಹುಟ್ಟಿಸಿದ್ದು, ಎಡಗೈಯನ್ನು ಹದ ಮೀರದಂತೆ ತಗ್ಗಿಸಿದ್ದು. ದೊಡ್ಡ ಪಿಯಾನೋ ತಾನಾಗಿ ಕೊಡದ ಹಗುರವನ್ನು ಬೆರಳಿನಿಂದ ತಂದರು. ಇದು ವಾದವನ್ನು ಮುರಿಯುವ ಸಾಕ್ಷಿಯಲ್ಲ, ಅದನ್ನು ಗಟ್ಟಿಮಾಡುವ ಸಾಕ್ಷಿ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಗಾಯನದ್ದು. ಶೋಪಾನ್ ಇಟಲಿಯ ಒಪೆರಾ ಗಾಯನಕ್ಕೆ ಮನಸೋತವನು, ಪಿಯಾನೋ ಕಲಿಯುವವರು ಹಾಡಲು ಕಲಿಯಬೇಕು ಎಂದವನು. ಹಾಡುವುದೇ ಆದರ್ಶವಾದರೆ ಪಿಟೀಲು ಚೆಲ್ಲೊಗಳು ಪಿಯಾನೋಕ್ಕಿಂತ ಹತ್ತಿರವಲ್ಲವೇ? ವೀಣೆ ಕೇಳಿ ಬೆಳೆದ ಕಿವಿಗೆ ಇದಕ್ಕೆ ಉತ್ತರ ಹೊಳೆದೀತು. ವೀಣೆ ಹಾಡುತ್ತದೆ ಎನ್ನುವಾಗ ಅದರ ಸ್ವರ ಕೊರಳಿನಂತೆ ನಿಲ್ಲುತ್ತದೆಂದು ಯಾರೂ ಹೇಳುವುದಿಲ್ಲ. ಒಂದು ಮೀಟಿನ ನಾದ ಆರುವುದರೊಳಗೆ ಗಮಕವನ್ನು ಮುಗಿಸುವ ಕೌಶಲವನ್ನೇ ಹಾಗೆ ಹೊಗಳುತ್ತೇವೆ. ಪಿಯಾನೋಕ್ಕೆ ಗಮಕವೂ ಇಲ್ಲ, ಆದ್ದರಿಂದ ಅದರ ಹಾಡು ಇನ್ನೂ ದೊಡ್ಡ ಕಣ್ಕಟ್ಟು. ಸಾರಸಾತೆ ಪಿಟೀಲಿಗೆ ಇಳಿಸಿದ ಆ ಎರಡನೇ ನಾಕ್ಟರ್ನ್‌ನಲ್ಲಿ ಕಮಾನು ಸ್ವರವನ್ನು ಆರಲು ಬಿಡುವುದಿಲ್ಲ. ಹಾಗಾಗಿ ಕುಸುರಿಗೆ ಕೆಲಸವಿಲ್ಲದೆ ಅದು ನಿಜವಾಗಿಯೂ ಬರೀ ಅಲಂಕಾರವಾಗುತ್ತದೆ. ಮಧುರ, ಸಂದೇಹವಿಲ್ಲ, ಆದರೆ ತುಸು ಸಕ್ಕರೆ ಹೆಚ್ಚಾದ ಪಾಯಸ. ಗ್ಲಾಜುನೋವ್ ವಾದ್ಯವೃಂದಕ್ಕೆ ಹೊಂದಿಸಿದ, ಮುಂದೆ ಬ್ಯಾಲೆಗೂ ಬಳಕೆಯಾದ ಶೋಪಾನ್ ರಚನೆಗಳ ಕಥೆಯೂ ಇದೇ. ತಾರೆಗಾ ಅದೇ ನಾಕ್ಟರ್ನನ್ನು ಗಿಟಾರ್‌ಗೆ ತಂದಾಗ ಮಾತ್ರ ಅಚ್ಚರಿ ಕಾದಿದೆ: ಪೆಡಲ್‌ನ ಮಂಜು ಇಲ್ಲಿಲ್ಲ, ಮಂದ್ರ ಬಡವಾಗಿದೆ, ಆದರೂ ಸ್ವರ ಬೇಗ ಆರುವುದರಿಂದ ಕುಸುರಿಗೆ ಮತ್ತೆ ಅರ್ಥ ಬಂದಿದೆ. ಕೊರಳಿನ ವಿಷಯ ಬೇರೆ. ಗಾಯಕಿ ಪೌಲಿನ್ ವಿಯಾರ್ದೊ ಕೆಲವು ಮಜುರ್ಕಾಗಳಿಗೆ ಮಾತು ಹೊಂದಿಸಿ ಹಾಡಿದ್ದು ಶೋಪಾನ್‌ಗೆ ಗೊತ್ತಿತ್ತು, ಆತ ಒಪ್ಪಿದ್ದ. ಅವು ಕುಣಿತದ ಧಾಟಿಯ ಗಿಡ್ಡ ಸಾಲುಗಳು. ಕೊರಳಿಗೂ ಉಸಿರು ತೀರುತ್ತದೆ. ಕಮಾನಿಗಿಲ್ಲದ ಆ ಮಿತಿಯೇ ಕೊರಳನ್ನು ಪಿಯಾನೋಕ್ಕೆ ಹತ್ತಿರ ತರುತ್ತದೆ.

ಧ್ವನಿಮುದ್ರಿಕೆ ಎಂಬುದೇ ಇಲ್ಲಿ ಇನ್ನೊಂದು ವಾದ್ಯ. ಪಿಯಾನೋದ ನಾದ ದಪ್ಪವಾದದ್ದಕ್ಕೆ ಒಂದು ದೊಡ್ಡ ಕಾರಣ ಸಭಾಂಗಣ ದೊಡ್ಡದಾದದ್ದು. ಶೋಪಾನ್ ಸಾರ್ವಜನಿಕ ಕಛೇರಿ ಕೊಟ್ಟದ್ದೇ ಅಪರೂಪ. ಆತನಿಗೆ ಒಗ್ಗಿದ್ದು ಸಣ್ಣ ದಿವಾನಖಾನೆ, ಮೆಲು ನುಡಿಕೆ. ಮಾದ್‌ಲೆನ್ ಚರ್ಚನ್ನು ಪ್ಲೇಯೆಲ್ ತುಂಬಲಾರದು, ಹಾಗಾಗಿ ಅಂದು ಆರ್ಗನ್ ನುಡಿದದ್ದು ತಪ್ಪಲ್ಲ. ಸ್ಟೈನ್‌ವೇ ಇಂದಿನ ಸಭಾಂಗಣವನ್ನು ತುಂಬುವುದೂ ತಪ್ಪಲ್ಲ. ಆದರೆ ಮನೆಯ ಕೋಣೆಯಲ್ಲಿ ಮುದ್ರಿಕೆ ಕೇಳುವವರಿಗೆ ಯಾವ ಸಭಾಂಗಣವನ್ನೂ ತುಂಬುವ ದರ್ದಿಲ್ಲ. ಅಲ್ಲಿ ಎಚ್ಚರವಿರಬೇಕಾದದ್ದು ವಾಲ್ಯೂಮಿನ ಬಗ್ಗೆ. ಪ್ಲೇಯೆಲ್‌ನ ನಾದ ಸಣ್ಣದಾಯಿತೆಂದು ಅದನ್ನು ಏರಿಸಿದರೆ ಮರದ ಸದ್ದು, ಕೀಲಿಯ ಸದ್ದು ಮುಂದೆ ಬಂದು, ಹಳೆಯ ಪಿಯಾನೋ ಒರಟು ಎಂಬ ತೀರ್ಪಿಗೆ ದಾರಿಯಾಗುತ್ತದೆ. ಇಳಿಸಿಯೇ ಕೇಳಬೇಕು. ನಾಲ್ಕನೇ ಪ್ರೆಲ್ಯೂಡ್‌ನ ಆ ದೀರ್ಘ ಸ್ವರ ಎಲ್ಲಿ ಮುಗಿಯಿತು, ಅದರ ನೆನಪು ಎಲ್ಲಿ ಶುರುವಾಯಿತು ಎಂದು ಗುರುತಿಸಲಾಗದಷ್ಟು ಇಳಿಸಿದರೆ ಹದ ಸರಿಯಿದೆ ಎಂದರ್ಥ.